ಚರ್ಚಾಸ್ಪರ್ಧೆಯಲ್ಲಿ ನಿರ್ಣಾಯಕರು ಏನು ನೋಡುತ್ತಾರೆ? ನಮ್ಮ ಭಾಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿಭಾ ಕಾರಂಜಿಯ ಕ್ಲಸ್ಟರ್ ಹಂತದಿಂದ ಹಿಡಿದು ಕಾಲೇಜುಗಳ ಪರ್ಯಾಯ ಪಾರಿತೋಷಕದ ಸ್ಪರ್ಧೆಗಳವರೆಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ನಿರ್ಣಾಯಕನಾಗಿ ಕೂತವನು ನಾನು. ಸ್ಪರ್ಧಿಗಳು, ಅವರನ್ನು ತಯಾರು ಮಾಡುವ ಶಿಕ್ಷಕರು, ಆಗಾಗ ಪಾಲಕರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನಿಯಮಗಳು ಸಂಘಟಕರಿಂದ ಸಂಘಟಕರಿಗೆ ಬದಲಾಗುತ್ತವೆ. ಆದ್ದರಿಂದ ನಿಮಗೆ ಬಂದ ಸುತ್ತೋಲೆಯನ್ನು ಮೊದಲು ಓದಿ, ಆಮೇಲೆ ಇದನ್ನು ಓದಿ.

ನಿರ್ಣಾಯಕರ ಮುಂದಿರುವ ಹಾಳೆಯಲ್ಲಿ ಏನಿರುತ್ತದೆ?

ಸಂಘಟಕರು ಕೊಡುವ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಐದಾರು ಕಾಲಂ ಇರುತ್ತವೆ: ವಿಷಯ ಮಂಡನೆ, ತರ್ಕ, ಖಂಡನೆ, ಭಾಷೆ ಮತ್ತು ಉಚ್ಚಾರಣೆ, ಹಾವಭಾವ, ಸಮಯಪಾಲನೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಸ್ಪರ್ಧೆಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ, ಅದು ಸ್ಪರ್ಧಿಯ ಹಕ್ಕು.

ಆದರೆ ಅಂಕಪಟ್ಟಿಯ ಜತೆಗೆ ಇನ್ನೊಂದು ಹಾಳೆ ಇರುತ್ತದೆ, ಅದು ನಿಮಗೆ ಕಾಣುವುದಿಲ್ಲ. ನಾನು ಬಿಳಿ ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ ಪರ, ಬಲಕ್ಕೆ ವಿರೋಧ ಎಂದು ಬರೆದುಕೊಳ್ಳುತ್ತೇನೆ. ಒಬ್ಬೊಬ್ಬರೂ ಹೇಳಿದ ವಾದವನ್ನು ಮೂರ್ನಾಲ್ಕು ಪದಗಳಲ್ಲಿ ಅವರವರ ಕಡೆ ಗೀಚಿಡುತ್ತೇನೆ. ಆ ಕಡೆಯವರು ಅದಕ್ಕೆ ಉತ್ತರ ಕೊಟ್ಟರೆ ಬಾಣದ ಗುರುತು ಹಾಕುತ್ತೇನೆ, ಉತ್ತರ ಬಾರದ ವಾದಕ್ಕೆ ಸುತ್ತಲೂ ಗೆರೆ ಎಳೆಯುತ್ತೇನೆ. ಅನುಭವವಿರುವ ನಿರ್ಣಾಯಕರಲ್ಲಿ ಹೆಚ್ಚಿನವರು ಇಂಥದ್ದೇ ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ಸ್ಪರ್ಧೆ ಮುಗಿದಾಗ ಆ ಹಾಳೆಯಲ್ಲಿ ಎಷ್ಟು ಬಾಣಗಳಿವೆ, ಯಾವ ವಾದಗಳು ಉತ್ತರವಿಲ್ಲದೆ ಉಳಿದಿವೆ ಎಂಬುದನ್ನು ನೋಡಿದರೆ ಫಲಿತಾಂಶದ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ.

ಚಪ್ಪಾಳೆ ಎಲ್ಲರಿಗಿಂತ ಜಾಸ್ತಿ ನನಗೇ ಬಿತ್ತು. ಬಹುಮಾನ ಮಾತ್ರ ಬೇರೆಯವರಿಗೆ ಹೋಯಿತು. ಯಾಕೆ?

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಕೇಳುವಾಗ ಮಕ್ಕಳ ಗಂಟಲು ಕಟ್ಟಿರುತ್ತದೆ, ಹಾಗಾಗಿ ಇದಕ್ಕೆ ನೇರವಾದ ಉತ್ತರ ಕೊಡಲೇಬೇಕು.

ಭಾಷಣ ಸ್ಪರ್ಧೆ ಬೇರೆ, ಚರ್ಚಾಸ್ಪರ್ಧೆ ಬೇರೆ. ಭಾಷಣದಲ್ಲಿ ನೀವು ಒಬ್ಬರೇ. ಚರ್ಚೆಯಲ್ಲಿ ಎದುರಿಗೆ ಇನ್ನೊಬ್ಬರಿದ್ದಾರೆ, ಅವರು ಏನೋ ಹೇಳಿದ್ದಾರೆ, ಅದಕ್ಕೆ ನೀವು ಏನಂದಿರಿ ಎಂಬುದೇ ಮುಖ್ಯ. ನಮ್ಮಲ್ಲಿ ಬಹಳಷ್ಟು ಸ್ಪರ್ಧೆಗಳಲ್ಲಿ ಪರ ಮಾತಾಡುವವರು ಪರದ ಭಾಷಣ ಒಪ್ಪಿಸುತ್ತಾರೆ, ವಿರೋಧದವರು ವಿರೋಧದ ಭಾಷಣ ಒಪ್ಪಿಸುತ್ತಾರೆ. ಹತ್ತು ಜನ ಮಾತಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ. ಹತ್ತನೆಯವರನ್ನು ಮೊದಲಿಗೆ ಮಾತಾಡಿಸಿದ್ದರೂ ಅದೇ ಭಾಷಣ, ಅದೇ ಪದ, ಅದೇ ಜಾಗದಲ್ಲಿ ಕೈ ಎತ್ತುತ್ತಿದ್ದರು. ಅಂಥ ಕಡೆ ಒಬ್ಬ ಹುಡುಗಿ ಎದ್ದು, "ನನಗಿಂತ ಮೊದಲು ಮಾತಾಡಿದವರು ಹಾಸ್ಟೆಲ್ ಸೌಲಭ್ಯ ಸಾಕಷ್ಟಿದೆ ಅಂದರು. ಸೀಟು ಇದೆ ಅನ್ನೋದು ಬೇರೆ, ಆ ಸೀಟು ಜೂನ್‌ನಲ್ಲಿ ಸಿಗುತ್ತೋ ಅಕ್ಟೋಬರ್‌ನಲ್ಲಿ ಸಿಗುತ್ತೋ ಅನ್ನೋದು ಬೇರೆ" ಎಂದು ಶುರು ಮಾಡಿದರೆ, ತಲೆ ತಗ್ಗಿಸಿ ಬರೆಯುತ್ತಿದ್ದ ನಿರ್ಣಾಯಕರೆಲ್ಲ ಒಮ್ಮೆಲೇ ತಲೆ ಎತ್ತುತ್ತಾರೆ. ಆಕೆಯ ದನಿ ನಡುಗುತ್ತಿರಬಹುದು, ಕೈ ಎಲ್ಲಿಡಬೇಕೆಂದು ತಿಳಿಯದೆ ದುಪಟ್ಟಾದ ಅಂಚು ಹಿಡಿದಿರಬಹುದು. ಆದರೆ ಆಕೆ ಕೇಳಿಸಿಕೊಂಡಿದ್ದಾಳೆ, ಯೋಚಿಸಿದ್ದಾಳೆ, ಅಲ್ಲೇ ಉತ್ತರ ಕಟ್ಟಿದ್ದಾಳೆ. ಚಪ್ಪಾಳೆ ಕೊಡುವವರು ಸಭಿಕರು, ಅವರಿಗೆ ದನಿ ಹಿಡಿಸುತ್ತದೆ. ನಿರ್ಣಾಯಕರು ಹುಡುಕುವುದು ಈ ಉತ್ತರವನ್ನು.

ಒಂದು ವಾದ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹೇಗೆ ಅಳೆಯುತ್ತೀರಿ?

ಒಂದು ಉದಾಹರಣೆ ಹಿಡಿದು ವಿವರವಾಗಿಯೇ ಹೇಳುತ್ತೇನೆ. ವಿಷಯ ಹೀಗಿದೆ ಎಂದುಕೊಳ್ಳಿ: "ತುಂಗಭದ್ರಾ ಜಲಾಶಯದ ಹೂಳಿನ ಸಮಸ್ಯೆಗೆ ನವಲಿ ಸಮಾನಾಂತರ ಜಲಾಶಯವೇ ಪರಿಹಾರ." ನವಲಿ ಎಂದರೆ ತುಂಗಭದ್ರಾದ ಹೆಚ್ಚುವರಿ ನೀರು ಹಿಡಿದಿಡಲು ಕೊಪ್ಪಳ ಜಿಲ್ಲೆಯಲ್ಲಿ ಕಟ್ಟಬೇಕೆಂಬ ಪ್ರಸ್ತಾಪವಿರುವ ಜಲಾಶಯ. ನೀವು ಪರವಾಗಿ ಮಾತಾಡಬೇಕು.

ಮೊದಲ ಬಗೆಯ ಸ್ಪರ್ಧಿ, "ತುಂಗಭದ್ರೆ ನಮ್ಮ ತಾಯಿ, ರೈತ ದೇಶದ ಬೆನ್ನೆಲುಬು, ನೀರಿಲ್ಲದೆ ಬದುಕಿಲ್ಲ" ಎಂದು ಹೇಳುತ್ತಾ ಹೋಗುತ್ತಾನೆ. ಇದನ್ನು ವಿರೋಧ ಪಕ್ಷದವರೂ ಒಪ್ಪುತ್ತಾರೆ. ಎರಡೂ ಕಡೆಯವರು ಒಪ್ಪುವ ಮಾತಿಗೆ ನನ್ನ ಹಾಳೆಯಲ್ಲಿ ಜಾಗವಿಲ್ಲ. ಒಂದೂವರೆ ನಿಮಿಷ ಹೋಯಿತು, ನಾನಿನ್ನೂ ಪೆನ್ನು ಊರಿಲ್ಲ.

ಎರಡನೆಯ ಬಗೆಯ ಸ್ಪರ್ಧಿ ಹೇಳುತ್ತಾಳೆ: "1953ರಲ್ಲಿ ಅಣೆಕಟ್ಟು ಕಟ್ಟಿ ಮುಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ." ಈಗ ಬರೆದುಕೊಳ್ಳುತ್ತೇನೆ. ಆದರೆ ಇದೂ ಪೂರ್ತಿ ವಾದವಾಗಲಿಲ್ಲ, ಸಂಗತಿ ಅಷ್ಟೇ. ಅದರಿಂದ ಏನಾಯಿತು ಎಂದು ಆಕೆ ಹೇಳಬೇಕು. ಮಳೆಗಾಲದಲ್ಲಿ ಒಳಹರಿವು ಹೆಚ್ಚಾದಾಗ ಹಿಡಿದಿಡಲು ಜಾಗವಿಲ್ಲದೆ ಗೇಟು ತೆರೆದು ನೀರನ್ನು ನದಿಗೆ ಬಿಡಬೇಕಾಗುತ್ತದೆ, ಬೇಸಿಗೆ ಬೆಳೆಗೆ ಅದೇ ನೀರಿನ ಕೊರತೆ ಬೀಳುತ್ತದೆ, ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಇಷ್ಟು ಬಂದರೆ ಸಂಗತಿ, ಕಾರಣ, ಪರಿಣಾಮ ಮೂರೂ ಒಂದಕ್ಕೊಂದು ಕೂಡಿಕೊಂಡವು.

ಬಹುಮಾನ ಗೆಲ್ಲುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ವಿಷಯದಲ್ಲಿ "ನವಲಿಯೇ" ಎಂದಿದೆ. ಹೂಳು ಇದೆ ಎಂದು ಎಷ್ಟು ಸಾಬೀತು ಮಾಡಿದರೂ ನವಲಿಯೇ ಪರಿಹಾರ ಎಂದು ಸಾಬೀತಾಗುವುದಿಲ್ಲ. ಹೂಳೆತ್ತಿದರೆ ಆಗದೇ? ಎತ್ತಿದ ಹೂಳನ್ನು ಎಲ್ಲಿ ಸುರಿಯುತ್ತೀರಿ? ಕಾಲುವೆಗಳ ಸೋರಿಕೆ ತಡೆದರೆ ಆಗದೇ? ಭತ್ತ ಬಿಟ್ಟು ಕಡಿಮೆ ನೀರು ಬೇಡುವ ಬೆಳೆಗೆ ಹೋದರೆ ಆಗದೇ? ಈ ದಾರಿಗಳನ್ನು ತಾವೇ ಎತ್ತಿ, ಅವು ಯಾಕೆ ಸಾಲವು ಎಂದು ಹೇಳಿದವರು ವಿಷಯದ ಹೊಣೆಯನ್ನು ಪೂರ್ತಿ ಹೊತ್ತರು. ಇದು ನಮ್ಮ ಶಾಸ್ತ್ರಚರ್ಚೆಯ ಹಳೆಯ ಕ್ರಮವೂ ಹೌದು: ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ನ್ಯಾಯವಾಗಿ ಮುಂದಿಟ್ಟು, ಆಮೇಲೆ ಸಿದ್ಧಾಂತ, ಅಂದರೆ ತನ್ನ ನಿಲುವು, ಹೇಳುವುದು.

ವಿರೋಧದವರಿಗೂ ಇಲ್ಲಿ ಬೇಕಾದಷ್ಟು ಸರಕಿದೆ. ಹೊಸ ಜಲಾಶಯಕ್ಕೆ ಜಮೀನು ಮುಳುಗಬೇಕು. ನದಿಯ ನೀರು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರಕ್ಕೂ ಸೇರಿದ್ದು, ಆದ್ದರಿಂದ ಒಬ್ಬರೇ ತೀರ್ಮಾನ ಮಾಡಲು ಬರುವುದಿಲ್ಲ. ಒಂದು ಜಲಾಶಯ ಹೂಳು ತುಂಬಿದ್ದಕ್ಕೆ ಇನ್ನೊಂದು ಕಟ್ಟಿದರೆ ಅದರ ಹೂಳಿಗೆ ಯಾರು ಹೊಣೆ?

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ವಿಷಯದಲ್ಲಿ ತರದ ಸ್ಪರ್ಧಿಯೇ ಸಿಗಲಾರರು. ನಮ್ಮೆಲ್ಲರ ಮನಸ್ಸಿಗೆ ನಾಟಿದ ಘಟನೆ ಅದು. ಆದರೆ ಅದು ಗೇಟುಗಳ ನಿರ್ವಹಣೆಗೆ ಸೇರಿದ ಮಾತು, ಹೂಳಿಗೆ ಸೇರಿದ್ದಲ್ಲ. ಗೇಟು ಹೋದಾಗ ನೀರು ಉಳಿಸಿಕೊಳ್ಳಲು ಬೇರೆ ಜಲಾಶಯವಿರಲಿಲ್ಲ ಎಂದು ಹೇಳಿ ಕೊಂಡಿ ಹಾಕಿದರೆ ಬರೆದುಕೊಳ್ಳುತ್ತೇನೆ. ಸುಮ್ಮನೆ ಘಟನೆಯನ್ನು ವರ್ಣಿಸಿ ಬಿಟ್ಟರೆ ಸಭೆಗೆ ರೋಮಾಂಚನವಾಗಬಹುದು, ಅಂಕ ಬರುವುದಿಲ್ಲ.

ಅಂಕಿಅಂಶ ಎಷ್ಟು ಹೇಳಬೇಕು?

ಎರಡೋ ಮೂರೋ ಸಾಕು, ಆದರೆ ಅವುಗಳ ಒಳಹೊರಗು ನಿಮಗೆ ಗೊತ್ತಿರಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮ್ಮ ಸ್ಪರ್ಧೆಗಳಲ್ಲಿ ಪದೇ ಪದೇ ಬರುವ ವಿಷಯ. "371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಶೇ 80 ಮೀಸಲಾತಿ ಸಿಕ್ಕಿದೆ" ಎಂದು ಒಬ್ಬರು ಗುಡುಗುತ್ತಾರೆ. ಯಾವುದರಲ್ಲಿ ಶೇ 80? ಈ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಅದು ಶೇ 80, ಗ್ರೂಪ್ ಡಿಯಲ್ಲಿ ಶೇ 85, ಗ್ರೂಪ್ ಬಿಯಲ್ಲಿ ಶೇ 75. ಈ ಭಾಗದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8. ಎದುರಾಳಿಗೆ ಇಷ್ಟು ಗೊತ್ತಿದ್ದರೆ ನಿಮ್ಮ ಶೇ 80 ಅಲ್ಲೇ ಕುಸಿಯುತ್ತದೆ. ಇನ್ನೂ ಜಾಣ ಎದುರಾಳಿಯಾದರೆ, "ಮೀಸಲಿಟ್ಟ ಹುದ್ದೆ ಎಷ್ಟು ಅನ್ನೋದನ್ನ ಹೇಳಿದಿರಿ, ಭರ್ತಿಯಾದದ್ದು ಎಷ್ಟು ಅನ್ನೋದನ್ನ ಹೇಳಲಿಲ್ಲ" ಎಂದು ಕೇಳಿ ಕೂರುತ್ತಾಳೆ.

ಅಂಕಿಯ ವಯಸ್ಸನ್ನೂ ನಾವು ನೋಡುತ್ತೇವೆ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿದ್ದು 2002ರ ವರದಿಯಲ್ಲಿ. ಅದನ್ನು ಬಳಸುವಾಗ "2002ರ ವರದಿಯ ಪ್ರಕಾರ" ಎಂದು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಇವತ್ತಿನ ಸ್ಥಿತಿ ಎಂಬಂತೆ ಹೇಳಿದರೆ ಅಂಕ ಹೋಗುತ್ತದೆ.

"ಒಂದು ಸಮೀಕ್ಷೆಯ ಪ್ರಕಾರ" ಎಂದು ಶುರುವಾಗುವ ಅಂಕಿಗಳ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಯಾರ ಸಮೀಕ್ಷೆ, ಯಾವ ವರ್ಷದ್ದು ಎಂದು ಗೊತ್ತಿಲ್ಲದಿದ್ದರೆ ಬಾಯಿಗೆ ತರಬೇಡಿ. ಸ್ಥಳದಲ್ಲಿ ಅಂಕಿ ಹುಟ್ಟಿಸುವುದು ಸುಳ್ಳು ಹೇಳಿದಂತೆಯೇ. ಗೊತ್ತಿಲ್ಲದ ಕಡೆ ನೀವು ಕಣ್ಣಾರೆ ನೋಡಿದ್ದನ್ನು ಹೇಳಿ. "ನಮ್ಮೂರಿನಿಂದ ಪ್ರೌಢಶಾಲೆಗೆ ಏಳು ಕಿಲೋಮೀಟರ್, ಬೆಳಗಿನ ಒಂದೇ ಬಸ್ಸು" ಎಂಬ ಮಾತು ನಿಜವಾಗಿದ್ದರೆ ಅದು ಪುರಾವೆಯೇ.

ಖಂಡನೆ ಮಾಡುವುದು ಹೇಗೆ? ಎದುರಾಳಿಗೆ ಬೇಸರವಾಗುವುದಿಲ್ಲವೇ?

ಖಂಡಿಸುವುದು ವಾದವನ್ನು, ವ್ಯಕ್ತಿಯನ್ನಲ್ಲ. "ನನ್ನ ಸ್ನೇಹಿತರಿಗೆ ತಿಳಿವಳಿಕೆ ಇಲ್ಲ", "ಅವರು ಮನೆಯಲ್ಲಿ ಓದಿಕೊಂಡು ಬಂದಿಲ್ಲ" ಎಂಬ ಮಾತುಗಳಿಗೆ ಸಭೆ ನಗುತ್ತದೆ, ನಿರ್ಣಾಯಕರು ಅಂಕ ಕಳೆಯುತ್ತಾರೆ. ಸ್ಪರ್ಧಿಯ ಊರು, ಜಾತಿ, ಬಟ್ಟೆ, ಉಚ್ಚಾರಣೆ, ಮನೆಮಾತನ್ನು ಹಿಡಿದು ಒಂದು ಮಾತಾಡಿದರೂ ನನ್ನ ಪಟ್ಟಿಯಲ್ಲಿ ಅವರಿಗೆ ಬಹುಮಾನವಿಲ್ಲ, ಉಳಿದ ಮಾತು ಎಷ್ಟೇ ಚೆನ್ನಾಗಿರಲಿ.

ಎದುರಾಳಿಯ ವಾದವನ್ನು ಮೊದಲು ಸರಿಯಾಗಿ, ಅವರೇ "ಹೌದು, ನಾನು ಹೇಳಿದ್ದು ಇದೇ" ಎಂದು ಒಪ್ಪುವ ಹಾಗೆ ಒಂದು ವಾಕ್ಯದಲ್ಲಿ ಹೇಳಿ. ಆಮೇಲೆ ಅದು ಎಲ್ಲಿ ಮುರಿಯುತ್ತದೆ ಎಂದು ತೋರಿಸಿ. ಸಂಗತಿಯೇ ತಪ್ಪಿರಬಹುದು. ಸಂಗತಿ ಸರಿಯಿದ್ದು ಅದರಿಂದ ತೆಗೆದ ತೀರ್ಮಾನ ತಪ್ಪಿರಬಹುದು. ಎರಡೂ ಸರಿಯಿದ್ದು, ಅದಕ್ಕಿಂತ ದೊಡ್ಡ ತೂಕದ ಮಾತು ನಿಮ್ಮ ಬಳಿ ಇರಬಹುದು. ಈ ಮೂರನೆಯದು ಕಷ್ಟದ್ದು, ಅಂಕ ಜಾಸ್ತಿ ಬರುವುದೂ ಅದಕ್ಕೇ. "ಗಣಿಗಾರಿಕೆಯಿಂದ ಸಂಡೂರಿನ ಜನರಿಗೆ ಕೆಲಸ ಸಿಕ್ಕಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ..." ಎಂದು ಒಪ್ಪಬೇಕಾದ್ದನ್ನು ಒಪ್ಪಿ ಮುಂದುವರಿದವರ ಮೇಲೆ ನಿರ್ಣಾಯಕರ ನಂಬಿಕೆ ಹೆಚ್ಚುತ್ತದೆ.

ಆದರೆ ಬರೀ ಖಂಡನೆಯಿಂದಲೂ ಗೆಲ್ಲಲಾಗುವುದಿಲ್ಲ. ತನ್ನದೊಂದು ನಿಲುವೇ ಇಲ್ಲದೆ ಎದುರಿನವರದ್ದನ್ನು ಕೆಡವುತ್ತಾ ಹೋಗುವುದನ್ನು ನ್ಯಾಯಶಾಸ್ತ್ರ ವಿತಂಡ ಎಂದು ಬೇರೆಯಾಗಿಯೇ ಇಟ್ಟಿತ್ತು. ನಿಮ್ಮ ಪಕ್ಷವನ್ನೂ ಕಟ್ಟಿ.

ಸರ್ ಬರೆದುಕೊಟ್ಟ ಭಾಷಣ ಬಾಯಿಪಾಠ ಮಾಡಿದ್ದೇನೆ. ಅದು ತಪ್ಪೇ?

ಮೊದಲ ಸಲ ವೇದಿಕೆ ಹತ್ತುವ ಮಗುವಿಗೆ ಅದೊಂದು ಆಸರೆ, ತಪ್ಪೇನಿಲ್ಲ. ಆದರೆ ಬಾಯಿಪಾಠ ನಿರ್ಣಾಯಕರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಕಣ್ಣು ಮೇಲಿನ ಫ್ಯಾನಿನ ಕಡೆ ಹೋಗಿರುತ್ತದೆ. ಒಂದು ಪದ ಮರೆತರೆ ಇಡೀ ವಾಕ್ಯವನ್ನು ಮೊದಲಿಂದ ಹೇಳುತ್ತಾರೆ. ಒಂಬತ್ತನೇ ತರಗತಿಯ ಹುಡುಗನ ಬಾಯಲ್ಲಿ "ತತ್ಪರಿಣಾಮವಾಗಿ ಸಾಮಾಜಿಕ ಸ್ಥಿತ್ಯಂತರವುಂಟಾಗಿ" ಎಂದು ಬಂದರೆ ಅದು ಯಾರ ಮಾತು ಎಂದು ಕೇಳಬೇಕಾಗಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ಕಳಕಳಿಯ ವಿನಂತಿ: ಭಾಷಣ ಬರೆದುಕೊಡಬೇಡಿ, ಪ್ರಶ್ನೆ ಬರೆದುಕೊಡಿ. "ಇದಕ್ಕೆ ವಿರೋಧದವರು ಏನು ಹೇಳಬಹುದು?" ಎಂಬ ಒಂದು ಪ್ರಶ್ನೆ ಕೊಟ್ಟು ಮಕ್ಕಳನ್ನು ಒಂದು ವಾರ ಬಿಡಿ. ಅವರು ಮನೆಯಲ್ಲಿ ಕೇಳುತ್ತಾರೆ, ಪತ್ರಿಕೆ ತಿರುವುತ್ತಾರೆ, ಗೆಳೆಯರ ಜತೆ ಜಗಳಾಡುತ್ತಾರೆ. ಮೊದಲ ಒಂದೆರಡು ವಾಕ್ಯ ಮತ್ತು ಕೊನೆಯ ಒಂದೆರಡು ವಾಕ್ಯ ಬಾಯಿಗೆ ಬಂದಿರಲಿ. ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ಬರೀ ಸುಳುಹುಪದಗಳಿರಲಿ, ನಿಯಮದಲ್ಲಿ ಚೀಟಿಗೆ ಅವಕಾಶವಿದ್ದರೆ.

ನಮ್ಮ ಕಡೆಯ ಮಾತು ಬಂದರೆ ಅಂಕ ಕಳೆಯುತ್ತಾರಾ? ನನ್ನ ಮನೆಮಾತು ತೆಲುಗು, ನಾನೇನು ಮಾಡಲಿ?

ಬಳ್ಳಾರಿ ಪೇಟೆಯಲ್ಲಿ ತೆಲುಗು, ರಾಯಚೂರಿನ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಹಳ್ಳಿಗಳಲ್ಲಿ ನಮ್ಮದೇ ಧಾಟಿಯ ಕನ್ನಡ. ಇಷ್ಟು ನುಡಿಗಳ ನಡುವೆ ಬೆಳೆದ ಮಕ್ಕಳು ಬೆಂಗಳೂರು, ಮೈಸೂರಿನ ಮಕ್ಕಳ ಹಾಗೆ ಮಾತಾಡಬೇಕು ಎಂದುಕೊಂಡು ಹಿಂಜರಿಯುವುದನ್ನು ನೋಡಿದರೆ ನನಗೆ ನೋವಾಗುತ್ತದೆ.

ನಿರ್ಣಾಯಕರು ಕೇಳುವುದು ಸ್ಪಷ್ಟತೆ. ನೀವು ಹೇಳಿದ್ದು ಹಿಂದಿನ ಸಾಲಿಗೆ ಕೇಳಿಸಿತೇ, ಅರ್ಥವಾಯಿತೇ, ಪದದಿಂದ ಪದ ಬೇರೆಯಾಗಿ ಕೇಳಿಸಿತೇ. ಅಲ್ಪಪ್ರಾಣ, ಮಹಾಪ್ರಾಣ ಅಲ್ಲೊಂದು ಇಲ್ಲೊಂದು ತಪ್ಪಿದರೆ ಭಾಷೆಯ ಕಾಲಂನಲ್ಲಿ ಅರ್ಧ ಅಂಕ ಹೋಗಬಹುದು, ತರ್ಕದ ಕಾಲಂನಲ್ಲಿ ಏನೂ ಹೋಗುವುದಿಲ್ಲ. ವೇದಿಕೆಯ ಕನ್ನಡ ಸಾಮಾನ್ಯವಾಗಿ ಬರಹದ ಕನ್ನಡಕ್ಕೆ ಹತ್ತಿರವಿರಬೇಕು ಎಂಬ ನಿರೀಕ್ಷೆ ಇದೆ, ಅದನ್ನು ಅಭ್ಯಾಸ ಮಾಡಿ. ಆದರೆ ಯಾರದೋ ಮಾತನ್ನು ಉದ್ಧರಿಸುವಾಗ ನಮ್ಮ ಮಾತೇ ಬರಲಿ. "ನಮ್ಮವ್ವ ಅಂತಾಳ್ರೀ, ನೀರು ಬರೋ ದಿನ ಸಾಲಿಗೆ ಹೋಗಬ್ಯಾಡ ಅಂತ" ಎಂದು ಒಬ್ಬಳು ಹೇಳಿದರೆ ನೀರಿನ ಕೊರತೆಗೂ ಹೆಣ್ಣುಮಕ್ಕಳ ಹಾಜರಾತಿಗೂ ಇರುವ ನಂಟು ಹತ್ತು ವಾಕ್ಯದ ವಿವರಣೆಗಿಂತ ಚೆನ್ನಾಗಿ ತಲುಪುತ್ತದೆ.

ಧಾಟಿ ನೋಡಿ ಅಂಕ ಕಳೆಯುವ ನಿರ್ಣಾಯಕರೂ ಇದ್ದಾರೆ. ಅದು ತಪ್ಪು ಎಂದು ನಿರ್ಣಾಯಕರ ಸಭೆಯಲ್ಲೇ ಹೇಳಬೇಕಾದ ಕೆಲಸ ನಮ್ಮದು, ಮಕ್ಕಳದ್ದಲ್ಲ.

ವಚನ, ಗಾದೆ, ಕವಿವಾಣಿ ಹೇಳಿದರೆ ಒಳ್ಳೆಯದೇ?

ಒಂದು ಸಾಕು, ಅದೂ ವಾದದ ಕೆಲಸ ಮಾಡುವಂತಿದ್ದರೆ. ಯಾವ ವಿಷಯ ಕೊಟ್ಟರೂ ಅದೇ ವಚನದಿಂದ ಆರಂಭ, ಅದೇ ತ್ರಿಪದಿಯಿಂದ ಮುಕ್ತಾಯ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಒಂದೇ ಮಧ್ಯಾಹ್ನ ಒಂದೇ ವಚನ ನಾಲ್ಕು ಬಾಯಲ್ಲಿ ಬಂದರೆ ನಾಲ್ವರಿಗೂ ಅದರಿಂದ ಉಪಯೋಗವಿಲ್ಲ. ತಪ್ಪಾಗಿ ಹೇಳಿದರಂತೂ ಹೇಳದೇ ಇರುವುದೇ ಲೇಸಿತ್ತು ಅನಿಸುತ್ತದೆ.

ದನಿ ಏರಿಸಿ, ಆವೇಶದಿಂದ ಮಾತಾಡಬೇಕೇ?

ಇದು ಹೆಸರಾಂತ ರಂಗನಟ ಬಳ್ಳಾರಿ ರಾಘವರ ನೆಲ. ರಂಗದ ಮೇಲಿನ ಏರುದನಿಯನ್ನು ಮೆಚ್ಚುವ ಕಿವಿ ಈ ಭಾಗದ ಜನರಿಗೆ ಹಿಂದಿನಿಂದ ಬಂದದ್ದು. ನನಗೂ ಅದು ಇಷ್ಟ. ಆದರೆ ಮೊದಲ ವಾಕ್ಯಕ್ಕೇ ಮೈಕ್ ಸಿಡಿಯುವ ಹಾಗೆ ಕೂಗಿದರೆ ನಿಜವಾಗಿ ಒತ್ತು ಬೇಕಾದ ಕಡೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. ಮುಖ್ಯ ಮಾತಿಗೆ ಮುಂಚೆ ಅರೆಗಳಿಗೆ ನಿಲ್ಲಿ. ಆ ಮಾತನ್ನು ನಿಧಾನವಾಗಿ ಹೇಳಿ. ಮೇಜು ಗುದ್ದುವುದು, ಎದುರಾಳಿಯ ಕಡೆ ಬೆರಳು ತೋರಿಸುವುದು ಬೇಡ. ಕೈ ಎರಡೂ ಡಯಾಸ್ ಮೇಲಿದ್ದರೆ ಸಾಕು.

ಗಂಟೆ ಹೊಡೆದ ಮೇಲೆ ಎಷ್ಟು ಹೊತ್ತು ಮಾತಾಡಬಹುದು?

ಶುರು ಮಾಡಿದ ವಾಕ್ಯ ಮುಗಿಸಿ ಇಳಿಯಿರಿ. ಸಾಮಾನ್ಯವಾಗಿ ಮೊದಲ ಗಂಟೆ ಎಚ್ಚರಿಕೆಗೆ, ಎರಡನೆಯದು ಮುಕ್ತಾಯಕ್ಕೆ. ಎರಡನೇ ಗಂಟೆಯ ಮೇಲೆ ಹೇಳಿದ್ದನ್ನು ನಾನು ಬರೆದುಕೊಳ್ಳುವುದೇ ಇಲ್ಲ. ಆದ್ದರಿಂದ ಅತಿ ಗಟ್ಟಿಯಾದ ವಾದವನ್ನು ಕೊನೆಗೆ ಉಳಿಸಿಕೊಳ್ಳುವ ಅಭ್ಯಾಸ ಬಿಡಿ, ಅದು ಮೊದಲೇ ಬರಲಿ.

ನಾನು ನಂಬದ ಪಕ್ಷ ನನಗೆ ಬಂದರೆ?

ಚೀಟಿ ಎತ್ತಿದಾಗ ವಿರೋಧ ಬಂತೆಂದು ಮುಖ ಸಣ್ಣ ಮಾಡಿಕೊಳ್ಳುವವರು ಬಹಳ. ನಿಮ್ಮ ವೈಯಕ್ತಿಕ ಅಭಿಪ್ರಾಯಕ್ಕೆ ಇಲ್ಲಿ ಅಂಕವಿಲ್ಲ. ಒಂದು ಪ್ರಶ್ನೆಗೆ ಎರಡು ಮುಖಗಳಿರುತ್ತವೆ ಎಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಬಳ್ಳಾರಿ ತಾಲ್ಲೂಕು ಆ ಕಡೆಗೋ ಮೈಸೂರಿಗೋ ಎಂಬ ಪ್ರಶ್ನೆ ಎದ್ದು, ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗ ವಿಚಾರಣೆ ನಡೆಸಿತು. ಇವತ್ತು ನಮಗೆ ಉತ್ತರ ಒಂದೇ ಎಂದು ತೋರುತ್ತದೆ, ಏಕೆಂದರೆ ಆ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅಂದು ಎರಡೂ ಕಡೆಯವರು ತಮ್ಮ ತಮ್ಮ ಕಾರಣಗಳನ್ನು ಮುಂದಿಟ್ಟು ವಾದ ಮಾಡಿದ್ದರು. ಆಂಧ್ರದ ಪರ ನಿಂತವರ ಅತಿ ಗಟ್ಟಿಯಾದ ವಾದ ಯಾವುದಿರಬಹುದು ಎಂದು ಒಬ್ಬ ಕನ್ನಡದ ವಿದ್ಯಾರ್ಥಿ ಹುಡುಕಿ ಹೇಳಬಲ್ಲನಾದರೆ ಅವನಿಗೆ ಚರ್ಚೆ ಬರುತ್ತದೆ ಎಂದೇ ಅರ್ಥ.

ನಿರ್ಣಾಯಕರಿಗೆ ತಮ್ಮದೇ ಅಭಿಪ್ರಾಯ ಇರುವುದಿಲ್ಲವೇ? ಅವರಿಗೆ ಹಿಡಿಸದ್ದನ್ನು ಹೇಳಿದರೆ ಸೋಲುವುದಿಲ್ಲವೇ?

ಇರುತ್ತದೆ. ಬಳ್ಳಾರಿಯಲ್ಲಿದ್ದುಕೊಂಡು ಗಣಿಗಾರಿಕೆಯ ಬಗ್ಗೆ ಅಭಿಪ್ರಾಯವಿಲ್ಲದವರು ಯಾರಿದ್ದಾರೆ? ಕೆಂಪು ಧೂಳು ಕುಡಿದವರಿದ್ದಾರೆ, ಲಾರಿ ಓಡಿಸಿ ಮನೆ ಕಟ್ಟಿದವರಿದ್ದಾರೆ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಕಳೆದುಕೊಂಡವರಿದ್ದಾರೆ. ನಿರ್ಣಾಯಕರು ಈ ಜನರ ನಡುವಿನವರೇ.

ಅದಕ್ಕೇ ಒಂದು ಶಿಸ್ತು ಇದೆ. ವೇದಿಕೆಯ ಮೇಲೆ ಹೇಳಿದ್ದನ್ನು ಮಾತ್ರ ತೂಗಬೇಕು. ನನಗೆ ಗೊತ್ತಿರುವ ಉತ್ತರವನ್ನು ಎದುರಾಳಿಯ ಪರವಾಗಿ ನಾನೇ ಮನಸ್ಸಿನಲ್ಲಿ ಹೇಳಿಕೊಂಡು ನಿಮ್ಮ ಅಂಕ ಕಳೆಯುವಂತಿಲ್ಲ. "2013ರಲ್ಲಿ ಕೋರ್ಟು ಷರತ್ತುಗಳ ಮೇಲೆ ಗಣಿಗಾರಿಕೆಗೆ ಮತ್ತೆ ಅವಕಾಶ ಕೊಟ್ಟಿತು, ಅದಿರಿನ ವಾರ್ಷಿಕ ಪ್ರಮಾಣಕ್ಕೆ ಮಿತಿ ಹಾಕಿತು" ಎಂಬುದನ್ನು ವಿರೋಧದವರು ಎತ್ತಬೇಕಿತ್ತು, ಎತ್ತಲಿಲ್ಲ. ಹಾಗಿದ್ದರೆ ಆ ಅಂಶ ಇವತ್ತಿನ ಚರ್ಚೆಯಲ್ಲಿ ಇರಲೇ ಇಲ್ಲ. ಹೀಗೆ ತಡೆದುಕೊಳ್ಳುವುದು ಸುಲಭವಲ್ಲ. ಮೂವರು ನಿರ್ಣಾಯಕರನ್ನು ಕೂರಿಸುವುದು, ಅಂಕ ಕೂಡಿಸುವ ಮುಂಚೆ ಪರಸ್ಪರ ಮಾತಾಡಬಾರದೆಂದು ಹೇಳುವುದು ಇದಕ್ಕಾಗಿಯೇ. ಎಲ್ಲರ ಕಣ್ಣಿಗೂ ಕಾಣುವಂಥ ತಪ್ಪುಗಳನ್ನು ಮಾತ್ರ ಬಿಡುವುದಿಲ್ಲ: ಯಾರಾದರೂ ತುಂಗಭದ್ರಾ ಅಣೆಕಟ್ಟು ರಾಯಚೂರಿನಲ್ಲಿದೆ ಎಂದರೆ ಅದು ತಪ್ಪೇ.

ಇಂಗ್ಲಿಷ್ ಕಾಲೇಜುಗಳ ಪಾರ್ಲಿಮೆಂಟರಿ ಮಾದರಿ ನಮ್ಮದಕ್ಕಿಂತ ಹೇಗೆ ಬೇರೆ?

ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಿ ಇಬ್ಬಿಬ್ಬರ ನಾಲ್ಕು ತಂಡ, ಎರಡು ಪರ, ಎರಡು ವಿರೋಧ. ವಿಶ್ವವಿದ್ಯಾಲಯಗಳ ವಿಶ್ವ ಚರ್ಚಾ ಚಾಂಪಿಯನ್‌ಷಿಪ್ ನಡೆಯುವುದು ಇದೇ ಮಾದರಿಯಲ್ಲಿ. ಒಬ್ಬೊಬ್ಬರಿಗೆ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರಾಳಿಗಳು ಎದ್ದು ನಿಂತು ಪ್ರಶ್ನೆ ಹಾಕಬಹುದು, ಒಪ್ಪಿಕೊಳ್ಳುವುದು ಬಿಡುವುದು ಮಾತಾಡುವವರಿಗೆ ಬಿಟ್ಟದ್ದು. ವಿಷಯ ತಿಳಿಯುವುದೇ ಸ್ಪರ್ಧೆಗೆ 15 ನಿಮಿಷ ಮುಂಚೆ. ತಂಡಗಳಿಗೆ ಒಂದರಿಂದ ನಾಲ್ಕರವರೆಗೆ ಸ್ಥಾನ, ಅದಕ್ಕೆ 3, 2, 1, 0 ಅಂಕ. ಶಾಲೆಗಳ ವಿಶ್ವಮಟ್ಟದ ಮಾದರಿಯಲ್ಲಿ ವಿಷಯದ ಹುರುಳಿಗೆ ಶೇ 40, ಶೈಲಿಗೆ ಶೇ 40, ತಂತ್ರಕ್ಕೆ ಶೇ 20.

ನಮ್ಮ ಸ್ಪರ್ಧೆಗಳು ಅಲ್ಲಿಂದ ಕಲಿಯಬೇಕಾದ್ದು ಆ ನಡುವಿನ ಪ್ರಶ್ನೆ. ಒಬ್ಬೊಬ್ಬರ ಮಾತಿನ ನಂತರ ಎದುರು ಪಕ್ಷದಿಂದ ಒಂದೇ ಒಂದು ಪ್ರಶ್ನೆಗೆ ಅವಕಾಶ ಕೊಟ್ಟರೂ ಬಾಯಿಪಾಠದ ಭಾಷಣಗಳ ಕಾಲ ಮುಗಿಯುತ್ತದೆ. ಸಂಘಟಕರಿಗೆ ಇದರಿಂದ ಖರ್ಚೇನೂ ಇಲ್ಲ.

ಇಬ್ಬರಿಗೂ ಸಮ ಅಂಕ ಬಂದರೆ?

ಹೆಚ್ಚಿನ ಕಡೆ ತರ್ಕ ಮತ್ತು ಖಂಡನೆಯ ಕಾಲಂನಲ್ಲಿ ಯಾರು ಮುಂದಿದ್ದಾರೋ ಅವರಿಗೆ ಮೊದಲ ಸ್ಥಾನ ಕೊಡುತ್ತಾರೆ. ಕೆಲವರು ಬಹುಮಾನ ಹಂಚುತ್ತಾರೆ.

ಫಲಿತಾಂಶ ಒಪ್ಪಿಗೆಯಾಗದಿದ್ದರೆ ನಿರ್ಣಾಯಕರನ್ನು ಕೇಳಬಹುದೇ?

ಕೇಳಬಹುದು, ಕೇಳಬೇಕು. ಆದರೆ "ನನಗೆ ಯಾಕೆ ಬರಲಿಲ್ಲ" ಎಂದು ಕೇಳಿದರೆ ನಿರ್ಣಾಯಕರು ಸಮಾಧಾನದ ಮಾತು ಹೇಳಿ ಕಳಿಸುತ್ತಾರೆ. "ನನ್ನ ಎರಡನೇ ವಾದ ನಿಮಗೆ ಎಲ್ಲಿ ಸಡಿಲ ಅನಿಸಿತು?" ಎಂದು ಕೇಳಿ, ಹಾಳೆ ತೆಗೆದು ತೋರಿಸುತ್ತಾರೆ. ಪಾಲಕರು ಈ ಸಮಯದಲ್ಲಿ ಸ್ವಲ್ಪ ದೂರ ನಿಂತರೆ ಉಪಕಾರ, ಮಗು ತಾನೇ ಮಾತಾಡಲಿ.

ಅಂಕ ಕೂಡಿಸುವುದರಲ್ಲಿ ತಪ್ಪಾಗಿದೆ ಅನಿಸಿದರೆ ಅದನ್ನು ಹೇಳಬೇಕಾದ್ದು ಸಂಘಟಕರಿಗೆ, ನಿಮ್ಮ ಶಿಕ್ಷಕರ ಮೂಲಕ, ಅಂದೇ.

ನಮ್ಮದು ಹಳ್ಳಿ ಶಾಲೆ. ಗ್ರಂಥಾಲಯ ಇಲ್ಲ, ಹೇಳಿಕೊಡುವವರಿಲ್ಲ. ಹೇಗೆ ತಯಾರಾಗೋದು?

ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ದಿನಪತ್ರಿಕೆ ಬರುತ್ತಿದ್ದರೆ ಸಂಪಾದಕೀಯ ಪುಟವನ್ನು ದಿನಾ ಓದಿ. ಓದಿದ ಮೇಲೆ ಆ ಲೇಖನಕ್ಕೆ ವಿರುದ್ಧವಾಗಿ ಮೂರು ವಾಕ್ಯ ಬರೆಯಿರಿ. ಮೊಬೈಲ್ ಸಿಕ್ಕರೆ ವಿಧಾನಸಭೆಯ ಕಲಾಪದ ವಿಡಿಯೊ ನೋಡಿ. ಒಬ್ಬ ಸದಸ್ಯರು ಪ್ರಶ್ನೆ ಹಾಕಿದಾಗ ಮಂತ್ರಿಗಳು ಆ ಪ್ರಶ್ನೆಗೇ ಉತ್ತರ ಕೊಟ್ಟರೋ, ಬೇರೆ ಏನೋ ಹೇಳಿದರೋ ಎಂದು ಗಮನಿಸಿ. ಸಂವಿಧಾನ ರಚನಾ ಸಭೆಯ ಚರ್ಚೆಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ, ಪಿಯು ಮತ್ತು ಪದವಿಯವರು ಅದರಲ್ಲಿ ಒಂದು ದಿನದ ಚರ್ಚೆಯನ್ನಾದರೂ ಪೂರ್ತಿ ಓದಬೇಕು. ಡಾ. ಅಂಬೇಡ್ಕರ್ ಅವರು ತಿದ್ದುಪಡಿಗಳಿಗೆ ಉತ್ತರ ಕೊಡುವ ಕ್ರಮ ನೋಡಿ: ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಬಿಡುತ್ತಾರೆ, ಬಿಡುವುದಕ್ಕೆ ಏನು ಕಾರಣ ಕೊಡುತ್ತಾರೆ.

ಇನ್ನು ಅಭ್ಯಾಸಕ್ಕೆ ಇಬ್ಬರು ಗೆಳೆಯರು ಸಾಕು. ಊರಿನದೇ ವಿಷಯ ತೆಗೆದುಕೊಳ್ಳಿ. ಸಂತೆ ಊರೊಳಗೆ ಇರಬೇಕೋ ಹೊರಗೆ ಹೋಗಬೇಕೋ, ಜಾತ್ರೆಗೆ ಶಾಲೆಗೆ ರಜೆ ಕೊಡಬೇಕೋ ಬೇಡವೋ. ಒಬ್ಬರು ಪರ, ಒಬ್ಬರು ವಿರೋಧ, ಮೂರನೆಯವರು ನಿರ್ಣಾಯಕರು. ಮೂರು ನಿಮಿಷ ಮಾತು, ಒಂದು ನಿಮಿಷ ಉತ್ತರ. ಆಮೇಲೆ ಪಕ್ಷ ಅದಲುಬದಲು ಮಾಡಿ ಮತ್ತೊಮ್ಮೆ. ನಿರ್ಣಾಯಕರಾಗುವ ಸರದಿ ಮೂವರಿಗೂ ಬರಲಿ. ಗೆರೆ ಎಳೆದ ಹಾಳೆ ಹಿಡಿದು ಇನ್ನೊಬ್ಬರ ಮಾತನ್ನು ಬರೆದುಕೊಳ್ಳಲು ಕೂತವರಿಗೆ ತಮ್ಮ ಮಾತಿನಲ್ಲಿ ಬರೆದುಕೊಳ್ಳುವಂಥದ್ದು ಎಷ್ಟಿತ್ತು ಎಂಬುದು ಎರಡನೇ ವಾರಕ್ಕೇ ಗೊತ್ತಾಗುತ್ತದೆ.